ನಲವತ್ತೈದೂವರೆ ಗಂಟೆ

ನಮ್ಮ ಬಾಲ್ಯದಲ್ಲಿ ರಜ ಎಂದರೆ ಅಜ್ಜಿಯ ಮನೆ. ಅದಕ್ಕೆ ಯೋಜನೆ ಬೇಕಿರಲಿಲ್ಲ. ಪರೀಕ್ಷೆ ಮುಗಿದ ಮಾರನೆಯ ದಿನ ಟ್ರಂಕಿಗೆ ನಾಲ್ಕು ಚಡ್ಡಿ, ನಾಲ್ಕು ಅಂಗಿ ತುಂಬಿ ಬಸ್ಸು ಹತ್ತಿಸಿಬಿಟ್ಟರೆ ತಂದೆತಾಯಿಗಳ ಕರ್ತವ್ಯ ಮುಗಿಯುತ್ತಿತ್ತು. ಶಾಲೆ ತೆರೆಯುವ ಹಿಂದಿನ ದಿನ, ಮೈ ಕಪ್ಪಾಗಿ, ಮಂಡಿ ತರಚಿಕೊಂಡು, ಹಲಸಿನ ಮೇಣವನ್ನು ಕೂದಲಿಗೆ ಅಂಟಿಸಿಕೊಂಡು ಹಿಂದಿರುಗುತ್ತಿದ್ದೆವು. ನಡುವಿನ ದಿನಗಳಲ್ಲಿ ಏನು ಮಾಡಿದೆವೆಂದು ಯಾರೂ ಕೇಳುತ್ತಿರಲಿಲ್ಲ; ಕೇಳಿದ್ದರೂ ಹೇಳುವುದು ನಮಗೆ ತಿಳಿಯುತ್ತಿರಲಿಲ್ಲ. ಆ ದಿನಗಳಿಗೆ ಬೆಲೆ ಕೊಟ್ಟವರಿರಲಿಲ್ಲವಾದ್ದರಿಂದ ಲೆಕ್ಕ ಇಟ್ಟವರೂ ಇರಲಿಲ್ಲ.

ಈಗ ಅಜ್ಜಿಯ ಮನೆಗಳ ಕಾಲ ಮುಗಿಯಿತು. ಅಜ್ಜಿಯರೇ ಮಕ್ಕಳ ಜೊತೆಗೆ ಪಟ್ಟಣ ಸೇರಿ, ಐದನೆಯ ಅಂತಸ್ತಿನ ಬಾಲ್ಕನಿಯಲ್ಲಿ ತುಳಸಿಯ ಕುಂಡಕ್ಕೆ ನೀರೆರೆಯುತ್ತಿದ್ದಾರೆ. ಅವರು ತೆರವು ಮಾಡಿದ ಜಾಗಕ್ಕೆ ಬಂದು ಕುಳಿತಿರುವುದು ರೆಸಾರ್ಟು. ಇದನ್ನು ವಿಹಾರಧಾಮವೆಂದೇ ಕರೆಯಬೇಕೆನ್ನುವ ಭಾಷಾಭಿಮಾನಿಗಳು ನನ್ನ ಸ್ನೇಹಿತರಲ್ಲಿಯೂ ಇದ್ದಾರೆ. ನನ್ನ ವಯಸ್ಸಿನವನಿಗೆ ಧಾಮವೆಂದ ಕೂಡಲೆ ಮುಕ್ತಿಧಾಮದ ನೆನಪಾಗುವುದರಿಂದ ರೆಸಾರ್ಟೆಂಬ ಹೆಸರೇ ವಾಸಿ. ಅಜ್ಜಿಯ ಮನೆಗೂ ಇದಕ್ಕೂ ಇರುವ ವ್ಯತ್ಯಾಸ ಊಟ ಹಾಸಿಗೆಗಳದ್ದಲ್ಲ. ಎರಡು ಕಡೆಯೂ ಹೊತ್ತು ಹೊತ್ತಿಗೆ ಕರೆದು ಬಡಿಸುತ್ತಾರೆ, ಮಲಗಲು ಜಾಗ ಕೊಡುತ್ತಾರೆ. ವ್ಯತ್ಯಾಸವಿರುವುದು ಗಡಿಯಾರದಲ್ಲಿ. ಅಜ್ಜಿ ನಾವು ಹೊರಟು ನಿಂತ ದಿನವೂ 'ಇನ್ನೆರಡು ದಿನ ಇದ್ದು ಹೋಗ್ರೋ' ಎನ್ನುತ್ತಿದ್ದಳು. ರೆಸಾರ್ಟಿನಲ್ಲಿ ಹೊರಡುವ ದಿನ ಹತ್ತೂಕಾಲಿಗೆ ವಿನಯವಂತನಾದ ತರುಣನೊಬ್ಬ ಬಾಗಿಲು ತಟ್ಟಿ, ಸಾಮಾನು ಹೊರಲು ಸಹಾಯ ಬೇಕೇ ಎಂದು ವಿಚಾರಿಸುತ್ತಾನೆ.

ಲೆಕ್ಕಪತ್ರದ ಕಚೇರಿಯಲ್ಲಿ ಮೂವತ್ತೈದು ವರ್ಷ ಸವೆಸಿದ ನನಗೆ ಯಾವ ಕಾಗದವನ್ನು ಕೈಗೆ ಕೊಟ್ಟರೂ ಕೊನೆಯ ಸಾಲಿನಿಂದ ಓದುವ ಅಭ್ಯಾಸ. ಅಳಿಯ ತನ್ನ ಮೊಬೈಲಿನಲ್ಲಿ ತೋರಿಸಿದ ಜಾಹೀರಾತಿನ ನೆತ್ತಿಯಲ್ಲಿ 'ಮೂರು ಹಗಲು, ಎರಡು ರಾತ್ರಿ' ಎಂದು ದಪ್ಪಕ್ಷರಗಳಿದ್ದುವು. ಬುಡದಲ್ಲಿ ಇರುವೆಯ ಸಾಲಿನಂಥ ಅಕ್ಷರಗಳು: ಕೊಠಡಿ ಕೊಡುವುದು ಮಧ್ಯಾಹ್ನ 1ಕ್ಕೆ, ಬಿಡಬೇಕಾದದ್ದು ಬೆಳಿಗ್ಗೆ 10-30ಕ್ಕೆ. ಕೂಡಿ ಕಳೆದು ನೋಡಿದೆ. ಮೂರು ಹಗಲೆಂಬುದು ಕಾವ್ಯ. ವಾಸ್ತವದಲ್ಲಿ ನಮಗೆ ಮಾರುತ್ತಿದ್ದುದು ನಲವತ್ತೈದೂವರೆ ಗಂಟೆ. ಅದರಲ್ಲಿ ಎರಡು ರಾತ್ರಿಯ ನಿದ್ರೆಗೆ ಹದಿನಾಲ್ಕು ಹೋಯಿತು. ಊಟ, ತಿಂಡಿ, ಕಾಫಿ ಎಲ್ಲ ಸೇರಿ ಎಂಟು ಸಲ ಕುಳಿತೇಳಲು ಆರು. ಏಳು ಮಂದಿಯ ಸ್ನಾನ, ಉಡುಪು, ಕಾಣದಾದ ಕನ್ನಡಕ ಮತ್ತು ಒಂಟಿ ಚಪ್ಪಲಿಯ ಹುಡುಕಾಟ ಇವಕ್ಕೆ ಐದು. ಕೈಯಲ್ಲಿ ಉಳಿದದ್ದು ಇಪ್ಪತ್ತೂವರೆ ಗಂಟೆ. ದರವನ್ನು ಇಪ್ಪತ್ತೂವರೆಯಿಂದ ಭಾಗಿಸಿ, ಈ ಹಣದಲ್ಲಿ ನಮ್ಮ ಮದುವೆಯನ್ನು ಎರಡು ಸಲ ಮಾಡಬಹುದಿತ್ತೆಂದು ನನ್ನಾಕೆಗೆ ಹೇಳಿದೆ. 'ಒಂದು ಸಲ ಆದದ್ದೇ ಸಾಕಾಗಿದೆ' ಎಂದಳು.

ಹೋಗುವ ಸ್ಥಳವೇನೋ ನಿಶ್ಚಯವಾಗಿತ್ತು: ಹೆಗ್ಗಡದೇವನಕೋಟೆಯ ಆಚೆ, ಕಬಿನಿಯ ಹಿನ್ನೀರಿನ ದಂಡೆ. ಅಳಿಯನಿಗೆ ಅದು ಕರಿಚಿರತೆಯ ಕಾಡು. ಛಾಯಾಚಿತ್ರಗಾರರು ತಿಂಗಳುಗಟ್ಟಲೆ ಕಾದು ಅದರ ಚಿತ್ರ ತೆಗೆದು ಲೋಕಕ್ಕೆಲ್ಲ ತೋರಿಸಿದ್ದಾರೆ. ನನ್ನ ಕಾಲದವರಿಗೆ ಅದು ಕಾಕನಕೋಟೆ. ಮಾಸ್ತಿಯವರು ಆ ಹೆಸರಿನಲ್ಲಿ ನಾಟಕವನ್ನೇ ಬರೆದಿದ್ದಾರೆ, ಸಿ. ಆರ್. ಸಿಂಹ ಅದನ್ನು ಚಲನಚಿತ್ರ ಮಾಡಿದರು. ಮಹಾರಾಜರ ಅತಿಥಿಗಳಿಗಾಗಿ ಆನೆಗಳ ಹಿಂಡನ್ನು ಹೊಳೆಗಿಳಿಸಿ ದಾಟಿಸಿ ಹಿಡಿಯುತ್ತಿದ್ದ ಖೆಡ್ಡಾ ನಡೆಯುತ್ತಿದ್ದುದು ಅಲ್ಲಿಯೇ. ಕೊನೆಯ ಖೆಡ್ಡಾ ಆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು, ವಯನಾಡಿನಿಂದ ಇಳಿದುಬರುವ ಹೊಳೆ ನಿಂತು, ಹರಡಿ, ಕಾಡನ್ನೂ ಹೊಲವನ್ನೂ ಊರುಗಳನ್ನೂ ಹೊದ್ದುಕೊಂಡಿತು. ಇಂದಿನ ರೆಸಾರ್ಟುಗಳೆಲ್ಲ ಮುಖ ಮಾಡಿ ಕುಳಿತಿರುವುದು ಆ ನೀರಿಗೆ.

ಕಾಲ ಯಾವುದು? ಕಬಿನಿಗೆ ಯಾರೂ ಬೇಸಿಗೆಯಲ್ಲಿ ಹೋಗುವುದಿಲ್ಲ, ಡಿಸೆಂಬರಿನಲ್ಲಿ ಹೋಗೋಣ ಎಂದು ಮಗಳ ಅಭಿಪ್ರಾಯ. ಇಲ್ಲಿ ಒಂದು ಮಾತನ್ನು ಓದುಗರಿಗೆ ಹೇಳಬೇಕು. ಮಳೆಗಾಲದಲ್ಲಿ ನೀರು ಕಾಡಿನ ಅಂಚಿನವರೆಗೆ ಏರಿರುತ್ತದೆ, ಎಲ್ಲೆಲ್ಲಿಯೂ ಹಸಿರಿರುತ್ತದೆ. ಪ್ರಾಣಿಗಳಿಗೆ ಎಲ್ಲಿ ಬೇಕಾದರೂ ಮೇವು ನೀರು ಸಿಗುವುದರಿಂದ ಅವು ಚದರಿಹೋಗುತ್ತವೆ. ಚಳಿಗಾಲದಲ್ಲಿ ಮನುಷ್ಯನಿಗೆ ಹಿತ. ಬೇಸಿಗೆ ಬಂತೆಂದರೆ ಕಾಡಿನೊಳಗಿನ ಕೆರೆಕುಂಟೆಗಳು ಒಣಗುತ್ತವೆ. ಅದೇ ಹೊತ್ತಿಗೆ ಹಿನ್ನೀರು ಇಳಿಯುತ್ತ ಬಂದು, ನೀರು ಬಿಟ್ಟುಕೊಟ್ಟ ನೆಲದಲ್ಲಿ ಎಳೆಯ ಹುಲ್ಲು ಮೊಳೆಯುತ್ತದೆ. ಸುತ್ತಲಿನ ಕಾಡುಗಳ ಆನೆಗಳೆಲ್ಲ ಆ ಹುಲ್ಲಿಗೆ ಬರುತ್ತವೆ. ಮಾರ್ಚಿಯಿಂದ ಮೇ ತನಕ ಅಲ್ಲಿ ಸೇರುವಷ್ಟು ಆನೆ ಬೇರೆಡೆ ಕಾಣುವುದು ಅಪರೂಪ. ನೋಡಬೇಕಾದದ್ದು ಆನೆಯಾದರೆ ಬೆವರು ಸುರಿಸಬೇಕು. ಬೇಕಾದದ್ದು ಕಂಬಳಿಯ ಸುಖವಾದರೆ ಡಿಸೆಂಬರು ಆಗಬಹುದು. ಎರಡನ್ನೂ ಒಂದೇ ಚೀಟಿಯಲ್ಲಿ ಮಾರುವವರು ಯಾರೂ ಇಲ್ಲ.

ದಿನ ಗೊತ್ತುಮಾಡಿದವಳು ನನ್ನಾಕೆ. ಅದು 2024ರ ಬೇಸಿಗೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬೆಂಗಳೂರಿನ ಬಡಾವಣೆಗಳು ನೀರಿನ ಟ್ಯಾಂಕರಿನ ದಾರಿ ನೋಡುತ್ತ ಕುಳಿತಿದ್ದುವು. ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. 26ನೆಯ ತಾರೀಖು ಶುಕ್ರವಾರ ಮತದಾನ. ಆ ರಜವನ್ನು ಶನಿವಾರ ಭಾನುವಾರಗಳಿಗೆ ಗಂಟು ಹಾಕಿದ ದೇಶಭಕ್ತರ ಉತ್ಸಾಹದಿಂದ ನಾವು ಹಿಡಿದಿದ್ದ ರೆಸಾರ್ಟಿನ ದರ ಆ ಮೂರು ದಿನಕ್ಕೆ ಮುಗಿಲು ಮುಟ್ಟಿತ್ತು. ಆಕೆ ಪಂಚಾಂಗವನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು 16ರ ಮಂಗಳವಾರದಿಂದ 18ರ ಗುರುವಾರ ಎಂದು ಗುರುತು ಹಾಕಿದಳು. ವಾರದ ನಡುವಾದ್ದರಿಂದ ದರ ಇಳಿದಿತ್ತು, ಜನವೂ ಕಡಿಮೆ. ಬುಧವಾರ ರಾಮನವಮಿ. 'ಹಬ್ಬದ ದಿನ ಮನೆ ಬಿಟ್ಟು ಹೋಗುವುದೇ?' ಎಂದೆ. 'ರಾಮ ಹದಿನಾಲ್ಕು ವರ್ಷ ಕಾಡಿನಲ್ಲಿದ್ದ, ನಾವು ಎರಡು ದಿನ ಇದ್ದರೆ ಬೇಡವೆನ್ನುತ್ತಾನೆಯೇ?' ಎಂದಳು. ನವಮಿಯ ಚಂದ್ರ ನಡುರಾತ್ರಿಯವರೆಗೂ ಇರುತ್ತಾನೆಂಬುದು ಆಕೆ ಹೇಳದೆ ಉಳಿಸಿಕೊಂಡಿದ್ದ ಲಾಭ.

ಆಮೇಲೆ ಆಕೆ ರೆಸಾರ್ಟಿಗೆ ಫೋನು ಮಾಡಿದಳು. ಅದನ್ನು ಪಕ್ಕದಲ್ಲಿ ಕುಳಿತು ಕೇಳಿದ್ದೇನೆ. ಲೋಕಸೇವಾ ಆಯೋಗದ ಸಂದರ್ಶನವೂ ಅಷ್ಟು ಕಠಿಣವಿರಲಾರದು. ಸಫಾರಿಯ ಹಣ ದರದಲ್ಲಿ ಸೇರಿದೆಯೋ, ಬೇರೆಯೋ? ಹನ್ನೊಂದು ವರ್ಷದ ಹುಡುಗನಿಗೆ ಅರ್ಧ ದರವೋ, ಪೂರ್ತಿಯೋ? ಹೋದ ದಿನ ಮಧ್ಯಾಹ್ನದ ಊಟ ಲೆಕ್ಕದಲ್ಲಿದೆಯೇ, ಹೊರಡುವ ದಿನದ್ದೇ? ಅನ್ನ ಸಾರು ಮಜ್ಜಿಗೆ ದಿನವೂ ಇರುತ್ತದೆಯೇ? ಕೊನೆಗೆ, ಕೊಠಡಿಯಿಂದ ಊಟದ ಮನೆಗೆ ಎಷ್ಟು ಮೆಟ್ಟಿಲು? ಈ ಪ್ರಶ್ನೆಗೆ ಆ ಕಡೆಯ ಹುಡುಗ ತಬ್ಬಿಬ್ಬಾದ. ಅವನ ಮುಂದಿದ್ದ ಕಂಪ್ಯೂಟರಿನಲ್ಲಿ ಕೊಠಡಿಯ ಹಾಸಿಗೆಯ ಅಗಲವಿತ್ತು, ಮೆಟ್ಟಿಲಿರಲಿಲ್ಲ. ಒಳ್ಳೆಯ ಹುಡುಗ, ಎದ್ದು ಹೋಗಿ ಎಣಿಸಿಕೊಂಡು ಬಂದು, ತೋಟದ ಕಡೆಯಿಂದ ಹದಿನಾಲ್ಕು, ನೀರಿನ ಕಡೆಯ ಕೊಠಡಿಗಳಿಂದ ಒಂದೂ ಇಲ್ಲ, ಬರಿಯ ಇಳಿಜಾರು ಎಂದ. ನೀರಿನ ಕಡೆಯವಕ್ಕೆ ದರ ಹೆಚ್ಚು. ಆಕೆ ಒಂದನ್ನು ನೀರಿನ ಕಡೆ, ಒಂದನ್ನು ತೋಟದ ಹಿಂದೆ ಹಿಡಿದಳು. ಹಗಲೆಲ್ಲ ಹೊರಗೆ ತಿರುಗುವ ಮಗಳು ಅಳಿಯ ಮಕ್ಕಳಿಗೆ ಕಿಟಕಿಯ ನೋಟ ಏತಕ್ಕೆ? ಕೊಠಡಿಯಲ್ಲಿ ಕೂರುವವರಿಗೆ ತಾನೇ ಕಿಟಕಿ ಬೇಕಾದದ್ದು. ಇಷ್ಟು ಸರಳವಾದ ನ್ಯಾಯ ರೆಸಾರ್ಟಿಗೆ ಹೋಗುವ ಸಂಸಾರವಂದಿಗರಲ್ಲಿ ಎಷ್ಟು ಜನಕ್ಕೆ ಹೊಳೆಯುತ್ತದೋ ಕಾಣೆ.

ಇಷ್ಟರಲ್ಲಿ ಅಳಿಯ ಒಂದು ಪಟ್ಟಿ ತಯಾರಿಸಿದ್ದ. ಬಹಳ ಚೊಕ್ಕವಾದ ಪಟ್ಟಿ. ಅರ್ಧ ಗಂಟೆಗೊಂದು ಮನೆ, ಮನೆಗೊಂದು ಬಣ್ಣ. ಬೆಳಿಗ್ಗೆ ಐದೂವರೆಗೆ ಸಫಾರಿ, ಒಂಬತ್ತೂವರೆಗೆ ತಿಂಡಿ, ಹತ್ತಕ್ಕೆ ಪಕ್ಷಿವೀಕ್ಷಣೆ, ಹನ್ನೊಂದಕ್ಕೆ ಈಜು, ಹನ್ನೆರಡಕ್ಕೆ ಸೈಕಲ್ಲು, ಮೂರೂವರೆಗೆ ದೋಣಿ, ಏಳಕ್ಕೆ ಕಾಡಿನ ಚಲನಚಿತ್ರ, ಎಂಟಕ್ಕೆ ಬೆಂಕಿಯ ಸುತ್ತ ಹಾಡು. ಕೊಟ್ಟ ಹಣ ಒಂದು ಕಾಸೂ ಪೋಲಾಗಬಾರದೆಂಬ ಸದುದ್ದೇಶ ಪ್ರತಿಯೊಂದು ಮನೆಯಲ್ಲಿಯೂ ಎದ್ದು ಕಾಣುತ್ತಿತ್ತು. ಅದನ್ನು ನೋಡಿದ ಮಗಳು, 'ನನ್ನ ಆಫೀಸೇ ವಾಸಿ, ಅಲ್ಲಿ ಮಧ್ಯೆ ಕಾಫಿಗಾದರೂ ಬಿಡುತ್ತಾರೆ' ಎಂದಳು.

ನನ್ನಾಕೆ ಆ ಪಟ್ಟಿಯನ್ನು ಹಳಿಯಲಿಲ್ಲ, ಅಳಿಯನಲ್ಲವೇ! ಹಾಲಿನವನ ಲೆಕ್ಕ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೇ ಒಂದನ್ನು ಹೇಳಬೇಕೆಂದು ಕೇಳಿದಳು. ಎರಡು ಹೇಳಕೂಡದು. ಮೊಮ್ಮಗ ಕರಿಚಿರತೆ ಎಂದ. ಮೊಮ್ಮಗಳು, ವಯಸ್ಸು ಏಳು, ಈಜುಕೊಳ ಎಂದಳು. ಅಳಿಯನಿಗೆ ಹುಲಿ. ಮಗಳು, 'ಒಂದು ಬೆಳಿಗ್ಗೆಯಾದರೂ ನನ್ನನ್ನು ಯಾರೂ ಎಬ್ಬಿಸಬಾರದು' ಎಂದಳು. ಅದನ್ನು ಹೇಳುವಾಗ ಆಕೆಯ ದನಿ ಸ್ವಲ್ಪ ನಡುಗಿದಂತಿತ್ತು. ಎಲ್ಲರೂ ತಿರುಗಲು ಹೋದಾಗ ನನ್ನನ್ನು ಸಾಮಾನು ಕಾಯಲು ಕೂರಿಸಕೂಡದೆಂದು ನಾನು ಬರೆಸಿದೆ. ನನ್ನಾಕೆ ತನ್ನ ಹೆಸರಿನ ಮುಂದೆ, 'ನಾಳೆ ಏನು ಅಡುಗೆ ಎಂದು ಯಾರೂ ಕೇಳಬಾರದು' ಎಂದು ತಾನೇ ಬರೆದುಕೊಂಡಳು.

ಉಳಿದವಳು ಅಕ್ಕ. ಅವಳಿಗೆ ಆಗ ಎಪ್ಪತ್ತನಾಲ್ಕು. ಭಾವನವರು ಹೋದ ಮೇಲೆ ವರ್ಷದಲ್ಲಿ ಆರು ತಿಂಗಳು ಮಗನ ಮನೆ, ಆರು ತಿಂಗಳು ನಮ್ಮ ಮನೆ. ಅವಳನ್ನು ಕೇಳಿದಾಗ, 'ನನ್ನದೇನಮ್ಮ, ಎಲ್ಲಿ ಕೂರಿಸಿದರೂ ಸರಿ' ಎಂದಳು. ಅವಳ ಉತ್ತರ ಜನ್ಮದಲ್ಲಿ ಬೇರೆ ಇದ್ದದ್ದಿಲ್ಲ. ನನ್ನಾಕೆ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಜಾಗ ಬಿಟ್ಟಳು. ರಾತ್ರಿ ಬೀನ್ಸಿನ ನಾರು ತೆಗೆಯುತ್ತ ಕುಳಿತಾಗ ಮತ್ತೆ ಕೇಳಿದಳು: 'ಅತ್ತಿಗೆ, ನಿಜವಾಗಿ ಹೇಳಿ.' ಅಕ್ಕ ತಲೆ ಎತ್ತಲಿಲ್ಲ. 'ಹೊಳೆ ಕಾಣೋ ಹಾಗೆ ಒಂದಿಷ್ಟು ಹೊತ್ತು ಕೂತರೆ ಆಯ್ತು ಕಣೆ' ಎಂದಳು. 'ಮನೆ ಕಾಣಬೇಕು ಅಂತಲ್ಲ. ದಿಕ್ಕು ಗೊತ್ತಾದರೆ ಸಾಕು.'

ಅಕ್ಕನನ್ನು ಕೊಟ್ಟಿದ್ದುದು ಆ ನೀರಿನ ಕೆಳಗಿನ ಊರಿಗೆ. 1969ರಲ್ಲಿ ಮದುವೆ. ಸೊಸೆಯಾಗಿ ಆ ಮನೆಯಲ್ಲಿ ಅವಳು ಇದ್ದದ್ದು ಐದು ವರ್ಷ. ಒಲೆ ಹಾಕಿದ್ದು, ಎರಡು ಹೆರಿಗೆ ಆದದ್ದು, ಒಂದು ಕೂಸನ್ನು ಕಳೆದುಕೊಂಡದ್ದು ಎಲ್ಲ ಅಲ್ಲಿಯೇ. ನೀರು ಬರುತ್ತದೆಂದು ಎರಡು ವರ್ಷ ಮೊದಲಿನಿಂದಲೂ ಹೇಳುತ್ತಿದ್ದರಂತೆ. ಬರುತ್ತದೆಂದು ಯಾರೂ ನಂಬಿರಲಿಲ್ಲವಂತೆ. ಪರಿಹಾರದ ಹಣ ಹಿಡಿದು ಅವರು ನಂಜನಗೂಡಿನ ಕಡೆ ಬಂದು ನೆಲಸಿದರು. ಆಮೇಲೆ ಭಾವನವರು ಆ ದಿಕ್ಕಿಗೆ ತಿರುಗಿ ಮಲಗುತ್ತಿರಲಿಲ್ಲ. ಅವರಿರುವ ತನಕ ಅಕ್ಕನೂ ಹೋಗಲಿಲ್ಲ. ಹೋದ ಮೇಲೆ ಕರೆದುಕೊಂಡು ಹೋಗುವವರು ಯಾರು? ಆ ನೀರು ನಂಜನಗೂಡನ್ನು ದಾಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡಿ, ಅಲ್ಲಿಂದ ಮುಂದೆ ಕೊಳವೆ ಹತ್ತಿ ನಮ್ಮ ಬೆಂಗಳೂರಿನ ನಲ್ಲಿಗೆ ಬರುತ್ತದೆ. ಹಾಗೆ ನೋಡಿದರೆ ಐವತ್ತು ವರ್ಷವೂ ಅವಳು ಆ ಹೊಳೆಯ ನೀರನ್ನೇ ಕುಡಿದಿದ್ದಾಳೆ. ನೋಡಿರಲಿಲ್ಲ ಅಷ್ಟೆ.

ನನ್ನಾಕೆ ಅಳಿಯನ ಪಟ್ಟಿಯನ್ನು ಪೆನ್ಸಿಲಿನಿಂದ ತಿದ್ದಿದಳು. ಸೈಕಲ್ಲು ಹೋಯಿತು, ಚಲನಚಿತ್ರ ಹೋಯಿತು, ಹಾಡು ಹೋಯಿತು, ದೋಣಿಯೂ ಹೋಯಿತು. ಎರಡು ಸಫಾರಿ ಉಳಿದುವು; ಎರಡಕ್ಕೂ ಎಲ್ಲರೂ ಹೋಗಬೇಕಾಗಿಲ್ಲವೆಂದು ಕೆಳಗೆ ಟಿಪ್ಪಣಿ ಬರೆದಳು. ಸಂಸಾರವೆಂದರೆ ಒಂದು ಹಿಂಡು, ಎಲ್ಲಿಗೆ ಹೋದರೂ ಹಿಂಡಾಗಿಯೇ ಹೋಗಬೇಕು ಎಂಬ ನಮ್ಮ ಜನದ ನಂಬಿಕೆಯಿಂದ ಹಾಳಾದಷ್ಟು ರಜಗಳು ಮಳೆಯಿಂದಲೂ ಹಾಳಾಗಿಲ್ಲ. ಏಳು ಮಂದಿಯಲ್ಲಿ ಒಬ್ಬರಿಗೆ ಬಾಯಾರಿಕೆ, ಒಬ್ಬರಿಗೆ ತಲೆನೋವು, ಒಬ್ಬರಿಗೆ ಬಚ್ಚಲು. ಹೀಗೆ ಏಳು ಮಂದಿಯೂ ಒಬ್ಬರನ್ನೊಬ್ಬರು ಕಾಯುತ್ತ ನಿಲ್ಲುವುದರಲ್ಲಿಯೇ ಇಪ್ಪತ್ತೂವರೆ ಗಂಟೆ ಕರಗುತ್ತದೆ. ಬುಧವಾರದ ಸಂಜೆ ನಾಲ್ಕರಿಂದ ಆರೂವರೆಯ ಮನೆಯಲ್ಲಿ ಇದ್ದುದನ್ನೆಲ್ಲ ಅಳಿಸಿ, 'ಅತ್ತಿಗೆ, ಹೊಳೆ' ಎಂದಿಷ್ಟೇ ಬರೆದಳು.

ಪ್ರಯಾಣದ ವಿಷಯ ಹೆಚ್ಚು ಹೇಳಬೇಕಾದದ್ದಿಲ್ಲ. 2023ರಲ್ಲಿ ಮೈಸೂರಿಗೆ ಹೊಸ ಹೆದ್ದಾರಿಯಾದ ಮೇಲೆ ತಡವಾಗುವ ಭಯ ಹೋಗಿ, ಬೇಗ ತಲುಪುವ ತೊಂದರೆ ಹುಟ್ಟಿಕೊಂಡಿದೆ. ಹತ್ತಕ್ಕೇ ಹೋಗಿ ಇಳಿದರೆ ಮೂರು ಗಂಟೆಯ ಕಾಲ ಬೆತ್ತದ ಕುರ್ಚಿಯ ಮೇಲೆ ಕುಳಿತು ಹಳೆಯ ಪತ್ರಿಕೆ ತಿರುವಬೇಕು. ನಾವು ಮೈಸೂರಿನಲ್ಲಿ ದೋಸೆ ತಿಂದು ನಿಧಾನವಾಗಿ ಹೊರಟು ಹನ್ನೆರಡೂಕಾಲಿಗೆ ಸೇರಿದೆವು. ಮೊಮ್ಮಗಳ ಈಜುಡುಗೆ, ಟವಲು ಮಾತ್ರ ಬೇರೆ ಕೈಚೀಲದಲ್ಲಿತ್ತು; ಕೊಠಡಿ ಕೊಡುವ ಹೊತ್ತಿಗೆ ಅವಳು ಮುಕ್ಕಾಲು ಗಂಟೆ ಈಜಿ ಮುಗಿಸಿ, ಅವಳ 'ಒಂದೇ ಒಂದು' ಮೊದಲ ದಿನವೇ ತೀರಿಹೋಗಿತ್ತು. ಮಾರನೆಯ ದಿನ ಮತ್ತೆ ಮೂರು ಸಲ ತೀರಿತು.

ಬಫೆ ಊಟದ ಬಗ್ಗೆ ಒಂದು ಮಾತು. ಇಪ್ಪತ್ತು ಪಾತ್ರೆಗಳ ಮುಂದೆ ಮಧ್ಯಮವರ್ಗದ ಮನುಷ್ಯನ ಧೈರ್ಯ ಕುಸಿಯುತ್ತದೆ. ಎಲ್ಲದಕ್ಕೂ ಹಣ ಕೊಟ್ಟಾಗಿದೆ, ಆದುದರಿಂದ ಎಲ್ಲವನ್ನೂ ತಿನ್ನಬೇಕು ಎಂದು ಅವನೊಳಗಿನ ಲೆಕ್ಕಿಗ ಪಿಸುಗುಟ್ಟುತ್ತಾನೆ. ನಾನು ತಟ್ಟೆ ಹಿಡಿಯುವ ಮೊದಲು ಕೈ ಬೆನ್ನಿಗೆ ಕಟ್ಟಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನಡೆದುಬರುತ್ತೇನೆ. ನೋಡುವವರಿಗೆ ನಾನು ಮೇಲ್ವಿಚಾರಕನಂತೆ ಕಾಣಬಹುದು, ಕಾಣಲಿ. ಈ ನಡಿಗೆಯಿಂದ ಕೊನೆಯ ಮೂಲೆಯಲ್ಲಿ ನಾಚಿಕೊಂಡು ಕುಳಿತಿದ್ದ ಹುರುಳಿಕಾಳಿನ ಸಾರು ಸಿಕ್ಕಿತು. ಅದನ್ನು ಅಲ್ಲಿಯ ಊರಿನವರೇ ಮಾಡಿದ್ದರು. ಉಳಿದ ಹತ್ತೊಂಬತ್ತನ್ನು ಯಾವ ಊರಿನವರು ಬೇಕಾದರೂ ಮಾಡಿರಬಹುದು.

ಸಫಾರಿಯಲ್ಲಿ ಹುಲಿ ಬರಲಿಲ್ಲ, ಕರಿಚಿರತೆಯೂ ಬರಲಿಲ್ಲ. ಮಂಗಳವಾರ ಸಂಜೆ ಅಳಿಯನೂ ಮೊಮ್ಮಗನೂ ನಾನೂ ಹೋದಾಗ ಒಂದು ಸಂಬಾರಗೋಣ ನಮ್ಮನ್ನು ನೋಡಿ ಬೇಸರಪಟ್ಟು ಹೋಯಿತು. ಆದರೆ ಕಾಡಿನಿಂದ ಹೊರಗೆ, ಹುಲ್ಲಿನ ಬಯಲಿನಲ್ಲಿ ಆನೆಗಳು! ಕೊಡದಷ್ಟು ದಪ್ಪದ ಮರಿಗಳನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು, ಹುಲ್ಲನ್ನು ಕಾಲಿನಿಂದ ಒದ್ದು ಬುಡ ಸಡಿಲಿಸಿ, ಸೊಂಡಿಲಿನಿಂದ ಕಿತ್ತು, ಮಣ್ಣು ಕೊಡವಿ, ಬಾಯಿಗಿಡುತ್ತಿದ್ದುವು. ಗೃಹಿಣಿಯರು ಸೊಪ್ಪು ಬಿಡಿಸುವ ಹಾಗೆ ಅವಸರವಿಲ್ಲದ ಕೆಲಸ. ಮೊಮ್ಮಗ ಐವತ್ತರವರೆಗೆ ಎಣಿಸಿ ಕೈಬಿಟ್ಟ. ಅಳಿಯ ಮಾತ್ರ ಮಾರನೆಯ ಬೆಳಿಗ್ಗೆಯೂ ಹುಲಿಗಾಗಿ ಒಬ್ಬನೇ ಹೋಗಿ ಬಂದ. ಮಗಳು ಒಂಬತ್ತೂವರೆಯವರೆಗೆ ಮಲಗಿದ್ದಳು. ಹುಲಿಯೊಂದನ್ನೇ ನಂಬಿ ಹಣ ಕಟ್ಟುವವರಿಗೆ ನಾನು ಹೇಳುವುದಿಷ್ಟು: 2025ರ ನವೆಂಬರಿನಲ್ಲಿ ಆ ಸೀಮೆಯಲ್ಲಿ ಹುಲಿಯ ಬಾಯಿಗೆ ರೈತರು ಬಲಿಯಾದಾಗ ಸರ್ಕಾರ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಸತ್ತವರು ರಜಕ್ಕೆ ಬಂದವರಲ್ಲ, ಅಲ್ಲಿಯೇ ಬದುಕುತ್ತಿದ್ದವರು. ಹೊರಡುವ ಮೊದಲು ವಿಚಾರಿಸಿಕೊಂಡು ಹೊರಡುವುದು ಜಾಣತನ. ಸಫಾರಿ ಇಲ್ಲದಿದ್ದರೂ ಕೂರಲು ಒಂದು ದಂಡೆ ಉಂಟೆಂಬುದನ್ನು ಗೊತ್ತುಮಾಡಿಕೊಂಡು ಹೊರಡುವುದು ಇನ್ನೂ ಜಾಣತನ.

ರಾಮನವಮಿಯ ಬೆಳಿಗ್ಗೆ ಅಕ್ಕ ತನ್ನ ಚೀಲದಿಂದ ಬೆಲ್ಲದ ಅಚ್ಚು, ಏಲಕ್ಕಿ, ನಿಂಬೆಹಣ್ಣು ತೆಗೆದಳು. ದೊಡ್ಡ ಪಾತ್ರೆಯೊಂದು, ಕುಡಿಯುವ ನೀರು ಬೇಕಾಗುತ್ತದೆಂದು ನನ್ನಾಕೆ ಫೋನಿನಲ್ಲಿಯೇ ಹೇಳಿಟ್ಟಿದ್ದಳು. ಹೆಸರುಬೇಳೆ ರಾತ್ರಿಯೇ ಕೊಠಡಿಯ ಗಾಜಿನ ಲೋಟಗಳಲ್ಲಿ ನೆನೆದಿತ್ತು. ಪಾನಕ, ಕೋಸಂಬರಿ ನಮ್ಮ ಏಳು ಮಂದಿಗೆ ಹೆಚ್ಚಾಗಿ ಕಸ ಗುಡಿಸುವವರಿಗೆ, ತೋಟದವರಿಗೆ, ಮೆಟ್ಟಿಲು ಎಣಿಸಿದ ಹುಡುಗನಿಗೆ ಹೋಯಿತು.

ಸಂಜೆ ನಾಲ್ಕಕ್ಕೆ ಇಳಿಜಾರಿನ ಕೊನೆಯಲ್ಲಿ, ಮರದ ನೆರಳಿನಲ್ಲಿ ಕುರ್ಚಿ ಹಾಕಿಸಿ ಅಕ್ಕನನ್ನು ಕೂರಿಸಿದೆವು. ನೀರು ಬಹಳ ದೂರ ಸರಿದಿತ್ತು. ಬಿರಿದ ಕೆಸರು, ಅದರಾಚೆ ಹುಲ್ಲು, ಅದರಾಚೆ ನೀರು. ನೀರಿನಲ್ಲಿ ಅಲ್ಲಲ್ಲಿ ಅಂದು ಮುಳುಗಿದ ಕಾಡಿನ ಒಣಮರಗಳು ಬರಿಯ ಬೊಡ್ಡೆಯಾಗಿ ಇಂದಿಗೂ ನಿಂತಿವೆ. ಅವುಗಳ ಮೇಲೆ ನೀರುಕಾಗೆಗಳು ಒದ್ದೆ ಕೊಡೆಯನ್ನು ಆರಲು ಹಾಕಿದಂತೆ ರೆಕ್ಕೆ ಬಿಚ್ಚಿ 'ನಾವೇ ಇಲ್ಲಿಯ ಹಳಬರು' ಎಂಬ ಗತ್ತಿನಲ್ಲಿ ಕುಳಿತಿದ್ದುವು. ಅಕ್ಕ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಎದುರಿನ ಗುಡ್ಡಗಳ ಸಾಲನ್ನು ತೋರಿಸಿ, 'ಅದು ಮಾತ್ರ ಹಾಗೇ ಇದೆ' ಎಂದಳು. 'ಬಾವಿಗೆ ನೀರಿಗೆ ಹೋದಾಗ ಎಡಭುಜಕ್ಕೆ ಬರುತ್ತಿತ್ತು.'

ಬೆಳಿಗ್ಗೆ ಪಾನಕ ಕುಡಿದಿದ್ದ ತೋಟದವರೊಬ್ಬರು, ಅರವತ್ತರ ಅಂಚಿನವರು, ಗಿಡಕ್ಕೆ ನೀರು ಬಿಡುತ್ತ ಈ ಮಾತು ಕೇಳಿಸಿಕೊಂಡು, 'ಯಾವೂರವ್ವ ನಿಮ್ದು?' ಎಂದರು. ಅಕ್ಕ ಊರಿನ ಹೆಸರು ಹೇಳಿದಳು. ಆ ಹೆಸರನ್ನು ಅವಳ ಬಾಯಿಂದ ನಾನು ಕೇಳಿ ಎಷ್ಟು ವರ್ಷವಾಗಿತ್ತೋ! ಅವರು ಕೊಳವೆಯನ್ನು ನೆಲಕ್ಕಿಟ್ಟರು. 'ನಮ್ಮವ್ವಂದೂ ಅದೇ ಊರು ಕನವ್ವ. ಗಾಡಿ ಕಟ್ಕಂಡ್ ಬರುವಾಗ ನಾನು ಹತ್ತೊರ್ಸದ ಹುಡ್ಗ' ಎಂದರು.

ಇನ್ನೇನು, ಇಬ್ಬರೂ ಕಣ್ಣೀರು ಒರೆಸಿಕೊಂಡರೆಂದು ಓದುಗರು ಊಹಿಸಬಹುದು. ಹಾಗಾಗಲಿಲ್ಲ. ಇಬ್ಬರಿಗೂ ಜಗಳ ಹತ್ತಿತು. ಅವರು, 'ಅಗೋ ಆ ಎರಡು ಒಣಮರ ಅವಲ್ಲ, ಅದರಾಚೆಗೆ ಊರು' ಎಂದರು. ಅಕ್ಕ ಕಡ್ಡಿ ಮುರಿದಂತೆ, 'ಅಲ್ಲ, ಈಚೆಗೆ' ಎಂದಳು. ಮಾರಿಗುಡಿ ಊರಿಗೆ ಮೂಡಲಲ್ಲಿತ್ತು, ಆದ್ದರಿಂದ ಆಚೆಗೇ ಎಂದು ಅವರು. ಗುಡಿ ಮೂಡಲಲ್ಲಿ ಇದ್ದದ್ದು ನಿಜ, ಆದರೆ ಹೊಳೆಗೆ ಹೋಗುವ ದಾರಿ ಗುಡಿಯ ಹಿಂದೆ ಬಳಸುತ್ತಿತ್ತಲ್ಲ, ಆದ್ದರಿಂದ ಈಚೆಗೆ ಎಂದು ಅಕ್ಕ. ಅವರು ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನ ಮೇಲೆ ಬೀದಿ ಬರೆದರು. ಅಕ್ಕ ಕುರ್ಚಿಯಿಂದ ಬಗ್ಗಿ, ಬೆರಳಿನಲ್ಲಿ ಅದನ್ನು ಅಳಿಸಿ ತಿದ್ದಿದಳು. ಶಾನುಭೋಗರ ಮನೆ, ಹೊಂಗೆಯ ಮರ, ಎಣ್ಣೆಗಾಣ, ಸಂತೆಯ ಕಟ್ಟೆ ಒಂದೊಂದಾಗಿ ಮಣ್ಣಿನ ಮೇಲೆ ಏಳತೊಡಗಿದುವು. ಒಂದು ಗಂಟೆಯಾದರೂ ಒಬ್ಬರೂ ಸೋಲಲಿಲ್ಲ. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಕೂಡ ಹೇಳದ ಅಕ್ಕ ಯಾರೊಡನೆಯಾದರೂ ವಾದ ಮಾಡಿದ್ದನ್ನು ನಾನು ನೋಡಿದ್ದು ಅಂದೇ.

ಮೊಮ್ಮಗ ಎಲ್ಲಿಂದಲೋ ಓಡಿಬಂದವನು ಚಕ್ಕಂಬಟ್ಟಲೆ ಹಾಕಿ ಕುಳಿತು ನಕ್ಷೆ ನೋಡಿದ. 'ದೊಡ್ಡಜ್ಜಿ, ನಿಮ್ಮನೆ ಇನ್ನೂ ಕೆಳಗೆ ಇದೆಯಾ? ಅಡುಗೆಮನೆಯಲ್ಲಿ ಮೀನು ಇರುತ್ತಾ?' ಎಂದ.

'ಗೋಡೆ ಮಣ್ಣಿನದು, ಕರಗಿರುತ್ತೆ ಕಣೋ' ಎಂದಳು ಅಕ್ಕ. 'ಒಲೆ ಇರಬಹುದು. ಒಲೆ ನಾನೇ ಹಾಕಿದ್ದು.'

ಆರೂವರೆಗೆ ಕತ್ತಲಾಗತೊಡಗಿದಾಗ ಅಳಿಯ ಬಂದು, ಸಮಯ ಮುಗಿಯಿತೆಂದು ಪಟ್ಟಿ ನೋಡಿ ಹೇಳಿದ. ನನ್ನಾಕೆ ಅವನ ಕೈಯಿಂದ ಪಟ್ಟಿ ಇಸಿದುಕೊಂಡು ಮಡಿಸಿ ಬ್ಲೌಸಿಗೆ ಸೇರಿಸಿದಳು. ಊಟದ ಹೊತ್ತಿನವರೆಗೂ ಯಾರೂ ಏಳಲಿಲ್ಲ. ನವಮಿಯ ಬೆಳುದಿಂಗಳಿನಲ್ಲಿ ಒಣಮರಗಳು ಇನ್ನೂ ಸ್ಪಷ್ಟವಾಗಿ ಕಂಡುವು. ಅದರಿಂದ ವಾದಕ್ಕೆ ಇನ್ನಷ್ಟು ಸೌದೆ ಸಿಕ್ಕಿತೇ ಹೊರತು ತೀರ್ಮಾನವಾಗಲಿಲ್ಲ.

ಗುರುವಾರ ಹತ್ತೂಕಾಲಿಗೆ ಬಾಗಿಲು ತಟ್ಟಿದರು. ಸಾಮಾನು ಹೊರಲು ತರುಣನ ಜೊತೆಗೆ ತೋಟದವರೂ ಬಂದಿದ್ದರು. ಕಾರಿನ ಬಾಗಿಲು ಹಾಕುವಾಗ ಅಕ್ಕ ಗಾಜು ಇಳಿಸಿ, 'ನಿಮ್ಮ ತಾಯಿಯವರನ್ನು ಕೇಳಿ ನೋಡಿ, ಅವರು ಹೇಳುತ್ತಾರೆ ಈಚೆಗೋ ಆಚೆಗೋ ಅಂತ' ಎಂದಳು. 'ಕೇಳ್ತೀನಿ ಕನವ್ವ. ಕಿವಿ ಸ್ವಲ್ಪ ಮಂದ, ಆದರೆ ಊರ್ ಮಾತೆತ್ತುದ್ರೆ ಎಲ್ಲಾ ಕೇಳುಸ್ತದೆ' ಎಂದರು ಅವರು. ಬಂದ ದಾರಿಯಲ್ಲಿ ಹಿಂದಿರುಗದೆ ಸರಗೂರು, ಹುಲ್ಲಹಳ್ಳಿಯ ಮೇಲೆ ಹೊಳೆಯ ಜೊತೆಜೊತೆಗೆ ಬಂದು, ನಂಜನಗೂಡಿನಲ್ಲಿ ದೇವರಿಗೆ ಕೈಮುಗಿದು ಬೆಂಗಳೂರು ಸೇರಿದೆವು. ಅಳಿಯ ಮಾತ್ರ ಕಾರಿನಲ್ಲಿ ಒಂದು ಸಲ, ದೋಣಿಯ ಹಣ ಉಳಿಯಿತಲ್ಲವೇ ಎಂದ.

ನನ್ನಾಕೆಯ ಹಾಳೆ ಈಗಲೂ ಮೇಜಿನ ಸೆಳೆಖಾನೆಯಲ್ಲಿದೆ. ಅದರ ಬೆನ್ನಿನ ಮೇಲೆ, ಮನೆಗೆ ಬಂದ ರಾತ್ರಿಯೇ ಬರೆದಿಟ್ಟ ಮೂರು ಸಾಲುಗಳಿವೆ. ಮುಂದಿನ ಸಲಕ್ಕೆ: ಸೊಳ್ಳೆಬತ್ತಿ ಮನೆಯಿಂದಲೇ ಒಯ್ಯುವುದು. ಮಗುವಿಗೆ ಇನ್ನೊಂದು ಜೊತೆ ಈಜುಡುಗೆ. ತೋಟದವರ ತಾಯಿಗೆ ಒಂದು ಸೀರೆ, ಹತ್ತಿಯದು.